ಮಹಡಿ ಮನೆಯ ಹಿರಿಯರಿಗೆ ಸ್ಟೇರ್‌ಲಿಫ್ಟ್: ಅಳತೆ ಮೊದಲು, ಬೆಲೆ ಆಮೇಲೆ

ನೆಲಮಹಡಿಯಲ್ಲಿ ಬಾಡಿಗೆದಾರರು, ಮೊದಲ ಮಹಡಿಯಲ್ಲಿ ಮಾಲೀಕರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದ ಮನೆಗಳ ಸಾಮಾನ್ಯ ಏರ್ಪಾಡು ಇದು. ಮನೆ ಕಟ್ಟಿಸುವಾಗ ನಲವತ್ತೈದರ ಹರೆಯದಲ್ಲಿದ್ದ ದಂಪತಿಗೆ ಹದಿನೆಂಟು ಮೆಟ್ಟಿಲು ಲೆಕ್ಕಕ್ಕೇ ಇರಲಿಲ್ಲ. ಎಪ್ಪತ್ತೈದರ ಹೊತ್ತಿಗೆ ಮಂಡಿ ಸವೆದು ಅಥವಾ ಪಾರ್ಶ್ವವಾಯು ತಗುಲಿ ಅದೇ ಮೆಟ್ಟಿಲುಗಳು ಮನೆಯ ಗಡಿಯಾಗಿಬಿಡುತ್ತವೆ. ವಾಕಿಂಗ್ ನಿಲ್ಲುತ್ತದೆ, ದೇವಸ್ಥಾನ ನಿಲ್ಲುತ್ತದೆ, ನೆಂಟರ ಮದುವೆ-ಮುಂಜಿಗಳು ಫೋಟೋದಲ್ಲಿ ಮುಗಿಯುತ್ತವೆ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಕ್ಕಪಕ್ಕದ ಇಬ್ಬರು ಹುಡುಗರನ್ನು ಕರೆದು ಕೆಳಗಿಳಿಸಲಾಗುತ್ತದೆ. ಹೊತ್ತವರ ಕಾಲು ಜಾರಿದರೆ ಮೂವರೂ ಉರುಳುವ ಈ ವ್ಯವಸ್ಥೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನಡೆದುಕೊಂಡು ಬಂದಿದೆ.

ಇದಕ್ಕೆ ಪರಿಹಾರವಾಗಿ ಮಾರುಕಟ್ಟೆಯಲ್ಲಿ ದೊರೆಯುವುದೇ ಸ್ಟೇರ್‌ಲಿಫ್ಟ್. ಮೆಟ್ಟಿಲಿನ ಒಂದು ಬದಿಗೆ ಹಳಿ ಹಾಕಿ, ಅದರ ಮೇಲೆ ಕುರ್ಚಿಯೊಂದು ಕುಳಿತವರನ್ನು ಹೊತ್ತು ಏರಿಳಿಯುವಂತೆ ಮಾಡುವ ಯಂತ್ರ. ವಿಚಾರ ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿ. ಸಿ. ಕ್ರಿಸ್ಪೆನ್ ಎಂಬವರು 1920ರ ದಶಕದಲ್ಲೇ ಇಂಥದೊಂದು ಕುರ್ಚಿಯನ್ನು ತಯಾರಿಸಿದ್ದರು. ಭಾರತದ ನಗರಗಳಲ್ಲೂ ಇಂದು ಮಾರಾಟಗಾರರಿದ್ದಾರೆ. ಆದರೆ ಕೊಳ್ಳುವವರು ಆರಂಭದಲ್ಲೇ ತಿಳಿಯಬೇಕಾದ ಸಂಗತಿ ಒಂದಿದೆ. ಈ ಯಂತ್ರದ ಬೆಲೆಯನ್ನು ನಿರ್ಧರಿಸುವುದು ಕುರ್ಚಿಯಲ್ಲ, ಮನೆಯ ಮೆಟ್ಟಿಲು. ಆ ಬೆಲೆಯನ್ನು ಭರಿಸಲು ನಮ್ಮಲ್ಲಿ ಸರ್ಕಾರವಾಗಲಿ ವಿಮೆಯಾಗಲಿ ಮುಂದೆ ಬರುವುದಿಲ್ಲ.

ಯಂತ್ರದ ಒಳಗುಟ್ಟು

ಹಳಿಯನ್ನು ಗೋಡೆಗೆ ಬಡಿಯುತ್ತಾರೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಮೆಟ್ಟಿಲುಗಳ ಮೇಲೆ ಸಣ್ಣ ಕಾಲುಗಳ ಆಧಾರದಿಂದ ನಿಲ್ಲುತ್ತದೆ. ಹಳಿಯ ಉದ್ದಕ್ಕೂ ಇರುವ ಹಲ್ಲುಪಟ್ಟಿಗೆ ಕುರ್ಚಿಯ ಅಡಿಯ ಹಲ್ಲುಚಕ್ರ ಕಚ್ಚಿಕೊಂಡು ಸಾಗುತ್ತದೆ. ಮೋಟಾರಿಗೆ ಶಕ್ತಿ ಕೊಡುವುದು ಕುರ್ಚಿಯೊಳಗಿನ ಬ್ಯಾಟರಿಗಳು. ಕುರ್ಚಿ ಹಳಿಯ ತುದಿಯಲ್ಲಿ ನಿಂತಾಗ ಅವು ತಾವಾಗಿಯೇ ಚಾರ್ಜ್ ಆಗುತ್ತವೆ. ಹೀಗಾಗಿ ಕರೆಂಟ್ ಹೋದರೂ ಕುಳಿತವರು ನಡುದಾರಿಯಲ್ಲಿ ಸಿಲುಕುವುದಿಲ್ಲ, ಪ್ರತ್ಯೇಕ ಯುಪಿಎಸ್ ಕೂಡ ಬೇಕಿಲ್ಲ. ಬೇಕಾದದ್ದು ಮೆಟ್ಟಿಲ ಬಳಿ ಒಂದು ಸಾಮಾನ್ಯ ಪ್ಲಗ್ ಪಾಯಿಂಟ್ ಅಷ್ಟೆ. ರಾತ್ರಿ ಮಲಗುವ ಮುನ್ನ ಎಲ್ಲ ಸ್ವಿಚ್‌ಗಳನ್ನೂ ಆರಿಸುವ ನಮ್ಮ ಮನೆಗಳ ಒಳ್ಳೆಯ ಅಭ್ಯಾಸ ಇಲ್ಲಿ ಮಾತ್ರ ಮುಳುವಾಗುತ್ತದೆ. ಚಾರ್ಜರ್ ಸದಾ ಚಾಲೂ ಇರದಿದ್ದರೆ ಬ್ಯಾಟರಿ ಬೇಗನೆ ಸಾಯುತ್ತದೆ.

ಯೂರೋಪಿನ ಸುರಕ್ಷತಾ ಮಾನದಂಡ ಇಎನ್ 81-40 ಪ್ರಕಾರ ಇಂತಹ ಕುರ್ಚಿಯ ವೇಗ ಸೆಕೆಂಡಿಗೆ 0.15 ಮೀಟರ್ ಮೀರುವಂತಿಲ್ಲ. ಅಂದರೆ ಒಂದು ಮಹಡಿ ಏರಲು ಒಂದು ನಿಮಿಷದ ಆಸುಪಾಸು. ಸೊಂಟಪಟ್ಟಿ, ಮಡಚುವ ಕೈ ಆಸರೆ ಮತ್ತು ಕಾಲಿಡುವ ಹಲಗೆ ಇರಲೇಬೇಕು. ದಾರಿಯಲ್ಲಿ ಚಪ್ಪಲಿಯೋ ಹೂಕುಂಡವೋ ಅಡ್ಡ ಬಂದರೆ ಹಲಗೆಯ ಅಂಚಿನ ಸೆನ್ಸರ್ ಕುರ್ಚಿಯನ್ನು ನಿಲ್ಲಿಸುತ್ತದೆ. ಮೆಟ್ಟಿಲನ್ನೇ ಕಪಾಟು ಮಾಡಿಕೊಂಡಿರುವ ಮನೆಗಳು ಯಂತ್ರ ಬರುವ ಮೊದಲು ಅದನ್ನು ಖಾಲಿ ಮಾಡಬೇಕು. ಸೆರಗು, ಪಂಚೆಯ ಅಂಚು ಹಳಿಯ ಕಡೆ ಇಳಿಬೀಳದಂತೆ ಮಡಿಲಿಗೆ ಎಳೆದುಕೊಳ್ಳುವುದನ್ನೂ ಹಿರಿಯರಿಗೆ ಕಲಿಸಬೇಕು.

ತಿರುವಿನ ಬೆಲೆ

ನೇರವಾಗಿ ಏರುವ ಮೆಟ್ಟಿಲಿಗೆ ಸಿದ್ಧ ಹಳಿಯನ್ನು ಉದ್ದಕ್ಕೆ ಕತ್ತರಿಸಿ ಜೋಡಿಸಿದರಾಯಿತು. ತೊಂದರೆಯೆಂದರೆ ನಮ್ಮ ಮನೆಗಳಲ್ಲಿ ನೇರ ಮೆಟ್ಟಿಲು ಅಪರೂಪ. ಅರ್ಧ ಏರಿ, ಲ್ಯಾಂಡಿಂಗ್‌ನಲ್ಲಿ ಹಿಂದಕ್ಕೆ ತಿರುಗಿ, ಉಳಿದರ್ಧ ಏರುವ ವಿನ್ಯಾಸವೇ ಇಕ್ಕಟ್ಟಾದ ನಿವೇಶನಗಳಿಗೆ ಹೊಂದುವಂಥದು. ಇದಕ್ಕೆ ಬಾಗಿದ ಹಳಿ ಬೇಕು. ಆ ಹಳಿಯನ್ನು ಆಯಾ ಮನೆಯ ಅಳತೆ ತೆಗೆದುಕೊಂಡು ಕಾರ್ಖಾನೆಯಲ್ಲಿ ಪ್ರತ್ಯೇಕವಾಗಿ ಬಾಗಿಸಬೇಕಾಗುತ್ತದೆ. ಇನ್ನೊಂದು ಮನೆಗೆ ಅದು ಹೊಂದುವುದಿಲ್ಲ. ನೇರ ಹಳಿಯ ಯಂತ್ರವೇ ಲಕ್ಷಗಳ ಲೆಕ್ಕದಲ್ಲಿದ್ದರೆ ಬಾಗಿದ ಹಳಿಯದು ಸಾಮಾನ್ಯವಾಗಿ ಅದರ ಎರಡು ಪಟ್ಟಿಗೂ ಮಿಗಿಲು.

ಇಲ್ಲಿ ಒಂದು ಮಧ್ಯಮ ಮಾರ್ಗವುಂಟು. ಕೆಳಗಿನ ಅರ್ಧಕ್ಕೊಂದು, ಮೇಲಿನ ಅರ್ಧಕ್ಕೊಂದು ಎಂದು ಎರಡು ನೇರ ಯಂತ್ರ ಹಾಕಿಸುವುದು. ಲ್ಯಾಂಡಿಂಗ್‌ನಲ್ಲಿ ಎದ್ದು, ಎರಡು ಹೆಜ್ಜೆ ನಡೆದು ಇನ್ನೊಂದು ಕುರ್ಚಿಯಲ್ಲಿ ಕೂರಬಲ್ಲವರಿಗೆ ಇದು ಸಾಕು. ಆದರೆ ಆ ಎರಡು ಹೆಜ್ಜೆ ಇಂದು ಸಾಧ್ಯವಾದರೆ ಸಾಲದು, ಮೂರು ವರ್ಷದ ಬಳಿಕವೂ ಸಾಧ್ಯವೇ ಎಂದು ಯೋಚಿಸಬೇಕು. ಪಾರ್ಕಿನ್ಸನ್ ಕಾಯಿಲೆಯಂತೆ ದಿನೇ ದಿನೇ ಮುಂದುವರಿಯುವ ತೊಂದರೆಯಿದ್ದಲ್ಲಿ ಇಲ್ಲಿ ಉಳಿಸಿದ ಹಣ ಆಮೇಲೆ ನೀರಿನಲ್ಲಿ ಹೋಮವಾದಂತೆ.

ಅಳತೆಯಲ್ಲಿ ಗಮನಿಸಬೇಕಾದ ಅಂಶಗಳು ಬೇರೆಯೂ ಇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ-2016 ವಾಸದ ಮನೆಯ ಮೆಟ್ಟಿಲಿಗೆ ಕನಿಷ್ಠ ಒಂದು ಮೀಟರ್ ಅಗಲವನ್ನು ಹೇಳುತ್ತದೆ. ಅಷ್ಟಿದ್ದರೆ ಕುರ್ಚಿ ಮಡಚಿಟ್ಟಾಗ ಉಳಿದವರು ಓಡಾಡಬಹುದು. ಹಳೆಯ ಮನೆಗಳ ಕಿರಿದಾದ ಮೆಟ್ಟಿಲಲ್ಲಿ ಕುಳಿತವರ ಮಂಡಿ ಎದುರು ಗೋಡೆಗೆ ತಾಗುವ ಸಂಭವವಿದೆ. ಹಳಿಯ ಕೆಳತುದಿ ಕೊನೆಯ ಮೆಟ್ಟಿಲನ್ನು ದಾಟಿ ನೆಲಕ್ಕೆ ಚಾಚಿಕೊಳ್ಳುತ್ತದೆ. ಅಲ್ಲೇ ಅಡುಗೆಮನೆಯ ಅಥವಾ ದೇವರಮನೆಯ ಬಾಗಿಲಿದ್ದರೆ ಎಡವುವುದು ಖಚಿತ. ಮೇಲಕ್ಕೆ ಎತ್ತಿ ಮಡಚುವ ಹಳಿ ದೊರೆಯುತ್ತದೆ, ಬೆಲೆ ಪ್ರತ್ಯೇಕ. ತಿರುವಿನ ಮೇಲಿನ ತೊಲೆ ತಲೆಗೆ ತಾಗುತ್ತದೆಯೇ ಎಂಬುದನ್ನು ನಿಂತು ನೋಡಿದರೆ ಸಾಲದು, ಕುರ್ಚಿಯ ಎತ್ತರದಲ್ಲಿ ಕುಳಿತ ವ್ಯಕ್ತಿಯ ತಲೆಯ ಲೆಕ್ಕದಲ್ಲಿ ಅಳೆಯಬೇಕು.

ಗ್ರಾನೈಟ್ ಹಾಸಿನ ಮೆಟ್ಟಿಲಾದರೆ ಬೋಲ್ಟ್ ಕಲ್ಲಿನಲ್ಲೇ ನಿಲ್ಲಬಾರದು, ಅಡಿಯ ಕಾಂಕ್ರೀಟಿಗೆ ಇಳಿಯಬೇಕು. ಅಂಚಿಗೆ ತೀರಾ ಹತ್ತಿರ ಕೊರೆದರೆ ಹಾಸು ಸೀಳಬಹುದು. ಡ್ಯೂಪ್ಲೆಕ್ಸ್ ಮನೆಗಳಲ್ಲಿ ಚೆಂದಕ್ಕೆಂದು ಗೋಡೆಯಿಂದ ಚಾಚಿಸಿದ ಹಲಗೆ ಮೆಟ್ಟಿಲುಗಳಿದ್ದಲ್ಲಿ ಎಂಜಿನಿಯರ್ ನೋಡಿ ಒಪ್ಪಿಗೆ ಕೊಡುವ ತನಕ ಮುಂಗಡ ಕೊಡದಿರುವುದೇ ಲೇಸು.

ಇನ್ನು ಹೊರಮೆಟ್ಟಿಲ ವಿಷಯ. ಬಾಡಿಗೆ ಮನೆಗೆ ಪ್ರತ್ಯೇಕ ದಾರಿಯಿರಲಿ ಎಂದು ಮೆಟ್ಟಿಲನ್ನು ಮನೆಯ ಹೊರಗೇ ಕಟ್ಟಿಸಿದವರು ಬಹಳ. ಮಳೆ, ಬಿಸಿಲು, ಧೂಳಿಗೆ ಮನೆಯೊಳಗಿನ ಮಾದರಿ ತಾಳದು. ಹೊರಾಂಗಣಕ್ಕೆಂದೇ ತಯಾರಾದ ಮಾದರಿ ಬೇಕು, ಅದರ ಮೇಲೆ ಹೊದಿಕೆ ಬೇಕು, ಸಾಧ್ಯವಾದರೆ ಮೆಟ್ಟಿಲಿಗೇ ಶೀಟಿನ ಮಾಡು ಹಾಕಿಸಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಯಲ್ಲಿ ಮಾಡಿಲ್ಲದೆ ಈ ಯಂತ್ರ ಹಾಕಿಸುವುದು ವ್ಯರ್ಥ.

ಕೂರುವವರನ್ನು ಕೇಳಿದಿರಾ?

ವಿದೇಶದಲ್ಲಿರುವ ಮಗ ಅಥವಾ ಮಗಳು ದುಡ್ಡು ಕಳಿಸಿ, ಅಳತೆಯವನು ಬಂದು ಹೋಗಿ, ಯಂತ್ರ ಕೂಡಿಸಿದ ಮೇಲೆ ಅಮ್ಮ ಅದರಲ್ಲಿ ಕೂರಲು ಒಪ್ಪದಿದ್ದರೆ? ನಗುವ ವಿಷಯವಲ್ಲ. ಕಾಲಡಿ ನೆಲ ಜಾರುವಂತೆ ಕಾಣುವ ಇಳಿಜಾರಿನಲ್ಲಿ ಕೂರಲು ಹಲವರಿಗೆ ಭಯ. ಖರೀದಿಗೆ ಮುನ್ನ ಮಾರಾಟಗಾರರ ಪ್ರದರ್ಶನ ಮಳಿಗೆಗೋ ಈಗಾಗಲೇ ಹಾಕಿಸಿರುವ ಮನೆಗೋ ಕರೆದೊಯ್ದು ಒಮ್ಮೆ ಕೂರಿಸಬೇಕು.

ಫಿಸಿಯೋಥೆರಪಿಸ್ಟ್ ಒಬ್ಬರ ಅಭಿಪ್ರಾಯ ಮಾರಾಟಗಾರನ ಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದು. ನೆರವಿಲ್ಲದೆ ಕುರ್ಚಿಯಿಂದ ಏಳಬಲ್ಲರೇ? ಮಂಡಿ ಸಾಕಷ್ಟು ಮಡಚುತ್ತದೆಯೇ? ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದರೆ ಗುಂಡಿ ಎಡಗೈಗೆ ಸಿಗುವಂತಿದೆಯೇ? ಮೇಲ್ತುದಿಯಲ್ಲಿ ಕುರ್ಚಿ ಮೆಟ್ಟಿಲಿಗೆ ಬೆನ್ನು ಮಾಡಿ ತಿರುಗಬೇಕು, ಇಳಿಯುವವರ ಕಾಲು ಗಟ್ಟಿ ನೆಲದ ಮೇಲೆ ಬೀಳಬೇಕು. ಅತ್ಯಂತ ಅಪಾಯದ ಗಳಿಗೆ ಅದೇ. ಮರೆವಿನ ಕಾಯಿಲೆ ಇರುವವರು ನಡುದಾರಿಯಲ್ಲಿ ಪಟ್ಟಿ ಬಿಚ್ಚಿ ಏಳಲು ಯತ್ನಿಸಬಹುದಾದ್ದರಿಂದ ಒಬ್ಬರೇ ಬಳಸುವಂತಿಲ್ಲ. ಗಾಲಿಕುರ್ಚಿಯಿಂದ ಏಳಲಾಗದವರಿಗೆ ಸ್ಟೇರ್‌ಲಿಫ್ಟ್ ಒದಗಿಬರುವುದೇ ಇಲ್ಲ. ಅವರಿಗೆ ಗಾಲಿಕುರ್ಚಿ ಸಮೇತ ಏರುವ ವೇದಿಕೆಯೋ ಪೂರ್ಣಪ್ರಮಾಣದ ಹೋಮ್ ಲಿಫ್ಟೋ ಬೇಕು. ತೂಕದ ಮಿತಿಯೂ ಮಾದರಿಯಿಂದ ಮಾದರಿಗೆ ಬೇರೆ, ಅದನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಬೇಕು.

ಇಷ್ಟಕ್ಕೂ ಯಂತ್ರವೇ ಬೇಕೇ ಎಂಬ ಪ್ರಶ್ನೆ ಮೊದಲು ಏಳಬೇಕಿತ್ತು. ಮೆಟ್ಟಿಲ ಎರಡೂ ಬದಿಗೆ ಗಟ್ಟಿ ರೇಲಿಂಗ್, ಒಳ್ಳೆಯ ಬೆಳಕು, ಜಾರದ ಅಂಚುಪಟ್ಟಿ ಇವಿಷ್ಟೇ ಕೆಲವರಿಗೆ ಇನ್ನೂ ಕೆಲವು ವರ್ಷ ಸಾಕಾಗುತ್ತವೆ. ಮಾಲೀಕರೇ ಮಹಡಿಯಲ್ಲಿರುವ ಮನೆಗಳಲ್ಲಂತೂ ಇನ್ನೊಂದು ಲೆಕ್ಕ ಹಾಕಿ ನೋಡಬಹುದು. ನೆಲಮಹಡಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ, ಮಹಡಿಗೆ 20,000 ರೂಪಾಯಿ ಬರಬಹುದು ಎಂದಿಟ್ಟುಕೊಳ್ಳಿ. ಬಾಡಿಗೆದಾರರ ಕರಾರು ಮುಗಿದಾಗ ಕೆಳಗೆ ಇಳಿದುಬಂದು ಮಹಡಿಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 60,000 ರೂಪಾಯಿ ಹೆಚ್ಚೇ ಕೈಸೇರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ಈ ಅದಲುಬದಲನ್ನು ಯೋಚಿಸುವವರು ಕಡಿಮೆ. ಅರ್ಧ ನಿವೇಶನ ಕಾರಿಗೆ ಹೋಗಿ ಕೆಳಗಿನ ಮನೆ ಚಿಕ್ಕದಾಗಿರುವುದು, ಮೂವತ್ತು ವರ್ಷ ಬಾಳಿದ ಕೋಣೆಗಳನ್ನು ಬಿಡಲು ಮನಸ್ಸಾಗದಿರುವುದು ಇದಕ್ಕೆ ಕಾರಣ. ಎರಡನೆಯ ಕಾರಣವನ್ನು ಹಗುರವಾಗಿ ಕಾಣುವಂತಿಲ್ಲ.

ಹಣ ಯಾರ ಜೇಬಿನಿಂದ?

ಅಂತರ್ಜಾಲದಲ್ಲಿ ಹುಡುಕಿದವರಿಗೆ ಎದುರಾಗುವುದು ಹೆಚ್ಚಾಗಿ ಬ್ರಿಟನ್ ಮತ್ತು ಅಮೆರಿಕದ ಮಾಹಿತಿ. ಇಂಗ್ಲೆಂಡಿನಲ್ಲಿ ಅಂಗವಿಕಲರ ಮನೆ ಮಾರ್ಪಾಟಿಗೆ ಸ್ಥಳೀಯ ಆಡಳಿತ ಆದಾಯ ನೋಡಿ 30,000 ಪೌಂಡ್‌ವರೆಗೆ ಅನುದಾನ ಕೊಡುತ್ತದೆ, ಸ್ಟೇರ್‌ಲಿಫ್ಟ್ ಅದರಲ್ಲಿ ಸೇರಿದೆ. ಅಮೆರಿಕದ ಮೂಲ ಮೆಡಿಕೇರ್ ಇದಕ್ಕೆ ಹಣ ಕೊಡುವುದಿಲ್ಲ. ಭಾರತದಲ್ಲಿ ಹಿರಿಯರಿಗೆಂದು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರದಂಥ ಸಾಧನಗಳಿಗೆ, ಅದೂ ಕಡಿಮೆ ಆದಾಯದವರಿಗೆ ಮೀಸಲು. ಎಪ್ಪತ್ತು ದಾಟಿದವರಿಗೆ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ. ಖಾಸಗಿ ಆರೋಗ್ಯ ವಿಮೆಯೂ ಮೂಲತಃ ಆಸ್ಪತ್ರೆ ವಾಸದ ಖರ್ಚಿಗೆ ಇರುವಂಥದು.

ಆದಾಯ ತೆರಿಗೆಯಲ್ಲಿ ಒಂದು ಸಣ್ಣ ಆಸರೆಯಿದೆ. 1961ರ ಕಾಯ್ದೆಯಲ್ಲಿ 80ಡಿಡಿ ಮತ್ತು 80ಯು ಎಂದು ಪರಿಚಿತವಾಗಿದ್ದ ಕಡಿತಗಳು ಶೇ. 40ರಷ್ಟು ಅಥವಾ ಹೆಚ್ಚು ಅಂಗವೈಕಲ್ಯವುಳ್ಳವರಿಗೆ 75,000 ರೂಪಾಯಿ, ಶೇ. 80ರಷ್ಟು ಅಥವಾ ಹೆಚ್ಚು ಇರುವವರಿಗೆ 1,25,000 ರೂಪಾಯಿ. ಮೊದಲನೆಯದು ಅವರನ್ನು ಸಲಹುವ ಕುಟುಂಬದವರಿಗೆ, ಎರಡನೆಯದು ಸ್ವತಃ ಅವರಿಗೇ. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು. ಈ ಮೊತ್ತ ನಿಗದಿತವಾದದ್ದು, ಯಂತ್ರಕ್ಕೆ ತೆತ್ತ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ ಇದು ಅನ್ವಯ. ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರವೂ ಅಗತ್ಯ. ಬರೀ ವಯಸ್ಸಾಗಿದೆ ಎಂಬ ಕಾರಣಕ್ಕೆ ಸಿಗುವುದಿಲ್ಲ.

ಸ್ವಂತ ಮನೆಯಿದ್ದು ಕೈಯಲ್ಲಿ ಹಣವಿಲ್ಲದ ಅರವತ್ತು ದಾಟಿದವರಿಗೆ ಬ್ಯಾಂಕುಗಳ ರಿವರ್ಸ್ ಮಾರ್ಟ್‌ಗೇಜ್ ಸಾಲ ಒಂದು ದಾರಿ. 2007ರಿಂದ ಜಾರಿಯಲ್ಲಿರುವ ಈ ಯೋಜನೆಯ ಹಣವನ್ನು ಮನೆಯ ನವೀಕರಣಕ್ಕೂ ಬಳಸಬಹುದು. ಆದರೆ ಒಂದು ಕುರ್ಚಿಗಾಗಿ ಮನೆ ಅಡವಿಡುವ ಮುನ್ನ ಮಕ್ಕಳೊಂದಿಗೆ ಕೂತು ಮಾತನಾಡುವುದು ವಿಹಿತ.

ಕೊಟೇಶನ್ ಓದುವ ಬಗೆ

ಕನಿಷ್ಠ ಮೂರು ಕಡೆ ಕೊಟೇಶನ್ ಪಡೆಯಬೇಕು, ಅದೂ ಮನೆಗೆ ಬಂದು ಅಳತೆ ತೆಗೆದುಕೊಂಡವರಿಂದ. ಫೋಟೋ ನೋಡಿ ಹೇಳಿದ ಬೆಲೆ ಬೆಲೆಯೇ ಅಲ್ಲ. ಜಿಎಸ್‌ಟಿ ದರ, ಸಾಗಣೆ, ಅಳವಡಿಕೆ, ವಿದ್ಯುತ್ ಮತ್ತು ಗಾರೆ ಕೆಲಸ ಒಳಗೊಂಡಿವೆಯೇ, ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಎಷ್ಟು, ಬ್ಯಾಟರಿ ವಾರಂಟಿಯೊಳಗೆ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬ್ಯಾಟರಿಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವುದು ಅನಿವಾರ್ಯ. ಕಲಬುರಗಿ, ಬಳ್ಳಾರಿ, ಶಿವಮೊಗ್ಗದವರು ಕೇಳಲೇಬೇಕಾದ ಪ್ರಶ್ನೆ ಇನ್ನೊಂದು: ಯಂತ್ರ ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ, ಎಷ್ಟು ದಿನದಲ್ಲಿ? ಮಹಡಿಯಲ್ಲಿ ಸಿಲುಕಿದವರಿಗೆ ವಾರವೆಂದರೆ ದೀರ್ಘಕಾಲ.

ರಾಜ್ಯದಲ್ಲಿ ಲಿಫ್ಟುಗಳ ಅಳವಡಿಕೆ 2012ರ ಲಿಫ್ಟ್ ಮತ್ತು ಎಸ್ಕಲೇಟರ್ ಕಾಯ್ದೆಯಂತೆ ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಸೇರಿದ್ದು. ತನ್ನ ಯಂತ್ರಕ್ಕೆ ಅನುಮತಿ ಬೇಕೇ, ಬೇಕಿದ್ದರೆ ಪಡೆದುಕೊಡುವವರು ಯಾರು ಎಂಬುದನ್ನು ಮಾರಾಟಗಾರನೇ ಲಿಖಿತವಾಗಿ ತಿಳಿಸಲಿ. ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಎಲ್ಲರ ಸೊತ್ತು, ಬೆಂಕಿ ಬಿದ್ದಾಗ ಎಲ್ಲರೂ ಇಳಿಯುವ ದಾರಿಯೂ ಅದೇ. ಸಂಘದ ಒಪ್ಪಿಗೆಯಿಲ್ಲದೆ ಹಳಿ ಹಾಕುವಂತಿಲ್ಲ.

ಹಳಿ ಅಳತೆಗೆ ತಯಾರಾಗುವುದರಿಂದ ಮುಂಗಡ ದೊಡ್ಡದಾಗಿಯೇ ಕೇಳುತ್ತಾರೆ. ಆದರೂ ಕೊನೆಯ ಕಂತನ್ನು ಹಿರಿಯರು ಕುಳಿತು ಏರಿಳಿದು ನೋಡಿದ ಬಳಿಕ ಕೊಡುವಂತೆ ಒಪ್ಪಂದ ಮಾಡಿಕೊಳ್ಳಬೇಕು. ತಕರಾರು ಬಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಾರಾಟಗಾರ ಯಾವ ಊರಿನವನಾಗಿರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ.

ಕೊನೆಯದಾಗಿ, ಯಂತ್ರದ ಅಗತ್ಯ ಮುಗಿದ ದಿನ ಅದನ್ನು ಕಳಚಿ ಒಯ್ಯುವವರು ಯಾರು, ಮರಳಿ ಕೊಳ್ಳುವುದಾದರೆ ಎಷ್ಟಕ್ಕೆ ಎಂಬುದನ್ನೂ ಆರಂಭದಲ್ಲೇ ಕೇಳಿಡುವುದು ಜಾಣತನ. ನೇರ ಹಳಿಯನ್ನು ಇನ್ನೊಂದು ಮನೆಗೆ ಕತ್ತರಿಸಿ ಹೊಂದಿಸಬಹುದಾದ್ದರಿಂದ ಅದಕ್ಕೆ ಏನಾದರೂ ಬೆಲೆ ಬಂದೀತು. ಬಾಗಿದ ಹಳಿಗೆ ಗುಜರಿಯ ಬೆಲೆ, ಗ್ರಾನೈಟಿನ ತೂತುಗಳನ್ನು ಮುಚ್ಚಿಸುವ ಖರ್ಚು ಬೇರೆ.