ಸಾವಿನ ಮನೆಯಲ್ಲಿ ಕೇಳಿದ ಹಾಡು

ಎರಡು ವರ್ಷದ ಹಿಂದಿನ ಆಟಿ ತಿಂಗಳು. ಅರಂತೋಡಿನ ನಮ್ಮ ಮನೆಯಿಂದ ಎರಡು ತೋಟ ಆಚೆಗಿದ್ದ ಅಪ್ಪಚ್ಚನ್ ತೀರಿಕೊಂಡರು. ತಿರುವಾಂಕೂರಿನ ಕಡೆಯಿಂದ ಬಂದು ಇಲ್ಲಿ ರಬ್ಬರ್ ಹಾಕಿದ ಕುಟುಂಬ ಅವರದು. ನನಗೆ ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿಸಿದವರೂ ಅವರೇ. ಪಾದ್ರಿಗಳ ಪ್ರಾರ್ಥನೆ ಮುಗಿದು ಪೆಟ್ಟಿಗೆ ಅಂಗಳಕ್ಕೆ ಬಂದಾಗ ಹೆಂಗಸರು ಒಂದು ಹಾಡು ಎತ್ತಿದರು. ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ನಿಂತವರೆಲ್ಲ ದನಿಗೂಡಿಸಿದರು. ‘ಸಮಯಮಾಂ ರಥತ್ತಿಲ್’ ಎಂಬ ಹಾಡು, ಸಮಯವೆಂಬ ರಥದಲ್ಲಿ ಎಂದರ್ಥ.

ಆಮೇಲೊಂದು ದಿನ ಅವರ ಮಗನಲ್ಲಿ, “ಅದು ಯಾರು ಬರೆದದ್ದು?” ಎಂದು ಕೇಳಿದೆ. “ಅದು ನಮ್ಮ ಹಳೇ ಹಾಡು ಮಾರಾಯ್ರೆ, ಯಾರೂ ಬರೆದದ್ದಲ್ಲ” ಎಂದ.

ಹಾಡು ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲವೇನೋ. ಆದರೆ ಬರೆದವರೊಬ್ಬರು ಇದ್ದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಬ್ಬ ಜರ್ಮನ್ ಹೆಸರು: ಫೊಲ್‌ಬ್ರೆಖ್ಟ್ ನಾಗೆಲ್. 1867ರಲ್ಲಿ ಜರ್ಮನಿಯ ಹೆಸ್ಸೆ ಸೀಮೆಯಲ್ಲಿ ಹುಟ್ಟಿದವರು. 1893ರಲ್ಲಿ ಬಾಸೆಲ್ ಮಿಷನಿನ ಕೆಲಸಕ್ಕೆಂದು ಕಣ್ಣೂರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಆ ಮಿಷನನ್ನು ಬಿಟ್ಟರು. ಎಳೆ ಮಕ್ಕಳಿಗೆ ಕೊಡುವ ದೀಕ್ಷಾಸ್ನಾನವನ್ನು ಅವರ ಮನಸ್ಸು ಒಪ್ಪಲಿಲ್ಲ. ತಾವೇ ಮತ್ತೊಮ್ಮೆ ಸ್ನಾನ ಪಡೆದು, ಪಾದ್ರಿ ಪದವಿಗಳಿಲ್ಲದ ಬ್ರದರನ್ ಪಂಗಡ ಸೇರಿದರು. ತ್ರಿಶೂರಿನ ಹತ್ತಿರದ ನೆಲ್ಲಿಕುನ್ನಿನಲ್ಲಿ ಅನಾಥ ಮಕ್ಕಳಿಗೆ ಮನೆ ಕಟ್ಟಿಸಿದರು. ಈ ನಡುವೆ ಮಲಯಾಳದಲ್ಲಿ ಹಾಡು ಕಟ್ಟುತ್ತಲೇ ಇದ್ದರು. 1914ರಲ್ಲಿ ಊರಿಗೊಂದು ಸುತ್ತು ಹೋಗಿಬರೋಣವೆಂದು ಹೊರಟಾಗ ಯುದ್ಧ ಶುರುವಾಯಿತು. ಜರ್ಮನ್ ಪ್ರಜೆಗೆ ಭಾರತದ ಬಾಗಿಲು ಮುಚ್ಚಿತು. ಮರಳಿ ಬರುವ ಆಸೆ ಆಸೆಯಾಗಿಯೇ ಉಳಿದು, 1921ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು.

ಚರ್ಚಿನ ಕಟ್ಟುಪಾಡುಗಳಿಂದ ಸಿಡಿದು ಹೊರಬಂದವರ ಹಾಡನ್ನು ಇವತ್ತು ಕೇರಳದಲ್ಲಿ ಪಂಗಡದ ಭೇದವಿಲ್ಲದೆ ಹೆಣದ ಹಿಂದೆ ಹಾಡುತ್ತಾರೆ. ತಮಾಷೆಯೆಂದರೆ, ಅದು ಸಾವಿಗೆಂದೇ ಕಟ್ಟಿದ ಹಾಡಲ್ಲ; ಸ್ವಂತ ಊರಿಗೆ ಹೊರಟ ಪ್ರಯಾಣಿಕನ ಸಂತೋಷ ಅದರಲ್ಲಿದೆ. 1970ರ ‘ಅರನಾಳಿಕನೇರಂ’ ಸಿನಿಮಾದಲ್ಲಿ ಬಂದ ಮೇಲೆ ಕ್ರೈಸ್ತರಲ್ಲದವರ ಕಿವಿಗೂ ಬಿತ್ತು.

ಇಷ್ಟು ತಿಳಿದಾಗ ನನ್ನೊಳಗೆ ಸಣ್ಣದೊಂದು ಹೊಟ್ಟೆಕಿಚ್ಚು ಹುಟ್ಟಿತು. ಬಾಸೆಲ್ ಮಿಷನ್ ಮೊದಲು ನೆಲೆ ನಿಂತದ್ದು ನಮ್ಮ ಮಂಗಳೂರಿನಲ್ಲಲ್ಲವೇ? 1834ರಲ್ಲಿ ಕೊಡಗಿನ ರಾಜ್ಯ ಕುಂಪಣಿಯ ವಶವಾಗಿ, ಅದುವರೆಗೆ ಕೊಡಗಿಗೆ ಸೇರಿದ್ದ ನಮ್ಮ ಅಮರಸುಳ್ಯದ ಸೀಮೆ ಕೆನರಾ ಜಿಲ್ಲೆಗೆ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿದ್ದರು. ಹಾಗಾದರೆ ಕನ್ನಡದಲ್ಲಿ ಇಂಥ ಹಾಡು ಎಲ್ಲಿದೆ?

ಉತ್ತರ ಹುಡುಕಲು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. 1870ರ ದಶಕದಲ್ಲಿ ಅಲ್ಲಿದ್ದವರು ಫರ್ಡಿನೆಂಡ್ ಕಿಟೆಲ್. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. ಪದ್ಯ ಬರೆದ ಕಿಟೆಲ್ ಅಷ್ಟು ಗೊತ್ತಿಲ್ಲ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದ ಈ ಪಾದ್ರಿಯ ಮಗ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಯೇಸುವಿನ ಜೀವನವನ್ನು ಷಟ್ಪದಿಯಲ್ಲಿ ಹೇಳುವ ಕಾವ್ಯ ಅದು. ಎರಡು ವರ್ಷ ಕಳೆಯುವಷ್ಟರಲ್ಲಿ ಹೆಂಡತಿ ಪೌಲಿನೆ ತೀರಿಕೊಂಡರು. ಮುಂದೆ ಅವರು ಹೆಚ್ಚು ಹೆಚ್ಚು ಹಳೆಗನ್ನಡದ ಓಲೆಗಳೊಳಗೆ ಇಳಿದರು: 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’, ಕೊನೆಗೆ 1894ರಲ್ಲಿ ನಿಘಂಟು.

ಕಿಟೆಲ್ ಷಟ್ಪದಿಯನ್ನು ಆರಿಸಿಕೊಂಡದ್ದು ಪಾಂಡಿತ್ಯ ತೋರಿಸಲಿಕ್ಕೆ ಎಂದು ನನಗನ್ನಿಸುವುದಿಲ್ಲ. ಮಿಷನಿನವರು ಪೌಲ್ ಗೆರ್‌ಹಾರ್ಟ್‌ನಂಥವರ ಜರ್ಮನ್ ಹಾಡುಗಳನ್ನು ಹಾಡುತ್ತ ಬೆಳೆದವರು. ಹದಿನೇಳನೆಯ ಶತಮಾನದ ಆತ ಐವರು ಮಕ್ಕಳಲ್ಲಿ ನಾಲ್ವರನ್ನೂ ಹೆಂಡತಿಯನ್ನೂ ಮಣ್ಣು ಮಾಡಿದವನು. ಆ ಹಾಡುಗಳ ತೂಕ ಸುಮ್ಮನೆ ಬಂದದ್ದಲ್ಲ. ಆದರೆ ಅದೇ ರಾಗಕ್ಕೆ ಕನ್ನಡ ಪದ ಕೂರಿಸಿದರೆ ಎಡವಟ್ಟಾಗುತ್ತದೆ. ಅಂಥ ಎಷ್ಟೋ ರಾಗಗಳಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ನಾವು ‘ದೇವರು’ ಎನ್ನುವಾಗ ದನಿ ಊರುವುದು ‘ದೇ’ಯ ಮೇಲೆ. ರಾಗ ‘ವ’ವನ್ನು ಒತ್ತಿದರೆ ಮಾತು ನಮ್ಮದಾಗಿಯೂ ಹಾಡು ಪರರದ್ದಾಗಿ ಕೇಳುತ್ತದೆ. ಷಟ್ಪದಿಯಲ್ಲಿ ಈ ತೊಂದರೆಯಿಲ್ಲ. ಕುಮಾರವ್ಯಾಸನ ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆ ತಾಳಮದ್ದಳೆ ಕೇಳಿದ ಇಲ್ಲಿನ ಯಾವ ಮಗುವಿನ ಕಿವಿಗೂ ಗೊತ್ತು. ಕಿಟೆಲ್ ಹಿಡಿದದ್ದು ಸರಿಯಾದ ದಾರಿಯೇ.

ಆದರೂ ‘ಕಥಾಮಾಲೆ’ ಜನರ ಬಾಯಿಗೆ ಬರಲಿಲ್ಲ. ನನ್ನ ಊಹೆ ಇಷ್ಟು: ಷಟ್ಪದಿ ಒಬ್ಬ ವಾಚಿಸಿ ಉಳಿದವರು ಕೇಳುವ ಪದ್ಯ. ಅಂಗಳದಲ್ಲಿ ಮಳೆಗೆ ನಿಂತ ನಲವತ್ತು ಮಂದಿಗೆ ಒಟ್ಟಿಗೆ ಹೇಳಲು ಬೇಕಾದದ್ದು ನಾಲ್ಕು ಸಾಲು, ಮತ್ತೆ ಮತ್ತೆ ಬರುವ ಒಂದು ಪಲ್ಲವಿ. ಚರ್ಚಿನ ಒಳಗಿದ್ದವರಿಗೆ ಕಿಟೆಲರ ಕಾವ್ಯ ಪುರಾಣದಂತೆ ಕಂಡಿರಬೇಕು, ಪುರಾಣ ಕೇಳುವವರಿಗೆ ಚರ್ಚಿನದ್ದಾಗಿ. ನಾಗೆಲ್ ಛಂದಸ್ಸಿನ ಗ್ರಂಥ ಸಂಪಾದಿಸಿದವರಲ್ಲ. ಆದರೆ ಜನ ಒಟ್ಟಿಗೆ ಉಸಿರು ತೆಗೆದುಕೊಳ್ಳುವ ಜಾಗ ಅವರಿಗೆ ತಿಳಿದಿತ್ತು. ಒಂದು ಸಣ್ಣ ಹಾಡಿಗಾಗಿ ಕಿಟೆಲರ ನಿಘಂಟನ್ನು ಬಿಟ್ಟುಕೊಡುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಅಪ್ಪಚ್ಚನ್ ಮನೆಯಂಗಳದಲ್ಲಿ ಕೇಳಿದ್ದರೆ ಏನೆನ್ನುತ್ತಿದ್ದೆನೋ.

ಮೊನ್ನೆ ಅಪ್ಪಚ್ಚನ್ ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು. ಕನ್ನಡ ಶಾಲೆಯಲ್ಲಿ ಓದುವ ಹುಡುಗಿ, ಮನೆಯಲ್ಲಿ ಮಲಯಾಳ ಮಾತನಾಡಿದರೂ ಓದಲು ಬಾರದು. ವರ್ಷಾಂತಿಕದ ಪ್ರಾರ್ಥನೆಗೆ ಆ ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡಬೇಕಂತೆ. ಅವಳು ಹಾಡುತ್ತ ಹೋದಳು, ನಾನು ಬರೆದುಕೊಂಡೆ. ‘ೞ’ ಬರುವ ಕಡೆ ನಮ್ಮ ಈಗಿನ ‘ಳ’ವನ್ನೇ ಬರೆದೆ. ಕಿಟೆಲ್ ಒಪ್ಪುತ್ತಿರಲಿಲ್ಲ.

“ಕೆಳಗೆ ಹೆಸರು ಹಾಕಲಿಕ್ಕುಂಟಾ ಮಾಮ?” ಎಂದಳು.

ಹಾಕಿದೆ. ಫೊಲ್‌ಬ್ರೆಖ್ಟ್ ನಾಗೆಲ್, 1867–1921. ಅವಳು ಅದನ್ನು ಎರಡು ಸಲ ಓದಿ, ಉಚ್ಚಾರ ಬಾರದೆ ನಕ್ಕು, ನೋಟ್‌ಬುಕ್ ಮಡಚಿಕೊಂಡು ತೋಟದ ದಾರಿಯಲ್ಲಿ ಇಳಿದುಹೋದಳು.