ಕೋವಿಯ ಕಣ್ಣು

ಕೊಪ್ಪಳವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಜೈನರ ಮಹಾತೀರ್ಥವಾಗಿದ್ದ ಕೊಪಣ ನೆನಪಾಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಬೆಟ್ಟದ ಮೇಲಿನ ಕೋಟೆ. 1786ರಲ್ಲಿ ಟಿಪ್ಪು ಸುಲ್ತಾನ ಅದನ್ನು ಪಾಳೆಯಗಾರನಿಂದ ಗೆದ್ದು, ಫ್ರೆಂಚ್ ಎಂಜಿನಿಯರರ ನೆರವಿನಿಂದ ಬಲಪಡಿಸಿದ. 1790-91ರಲ್ಲಿ ಇಂಗ್ಲಿಷರ ಮತ್ತು ನಿಜಾಮನ ಕೂಡುಪಡೆಗಳು ಅದನ್ನು ವಶಪಡಿಸಿಕೊಳ್ಳಲು ಆರು ತಿಂಗಳು ಹೆಣಗಬೇಕಾಯಿತು. ಇಂಥ ಕಥೆಗಳಲ್ಲಿ ತೋಪುಗಳ ಮಾತು ಸಾಕಷ್ಟು ಬರುತ್ತದೆ. ನಾನು ಈ ಹೊತ್ತು ಹೇಳಹೊರಟಿರುವುದು ಅದಕ್ಕಿಂತ ಬಹಳ ಚಿಕ್ಕ ವಸ್ತುವನ್ನು ಕುರಿತು: ಒಂಟಿ ಗುಂಡಿನ ಬೇಟೆಕೋವಿಯ ನಳಿಗೆಯ ಮೇಲೆ ಕೂರಿಸುವ ಎರಡು ಕಬ್ಬಿಣದ ತುಣುಕುಗಳು.

ನಳಿಗೆಯ ಬಾಯಿಯ ಬಳಿ ಒಂದು ಮೊಳೆ. ಕಣ್ಣಿನ ಕಡೆಗೆ ಒಂದು ಕಚ್ಚು. ಕಚ್ಚಿನ ನಡುವೆ ಮೊಳೆಯ ತಲೆಯನ್ನು ನಿಲ್ಲಿಸಿ ನೋಡಿದರೆ ಕಣ್ಣು, ಕೋವಿ, ಮಿಗ ಮೂರೂ ಒಂದೇ ಗೆರೆಗೆ ಬರುತ್ತವೆ. ನಳಿಗೆಗೆ ಅಡ್ಡಲಾಗಿ ತೋಡು ಕೊರೆದು, ತುಣುಕನ್ನು ಪಕ್ಕದಿಂದ ಮೆಲ್ಲಗೆ ಬಡಿದು ಕೂರಿಸುವುದು ಒಂದು ಕ್ರಮ. ನಿಜವಾದ ಕಷ್ಟ ಅನಂತರದ್ದು. ಗುಂಡು ಎಡಕ್ಕೆ ಬಿದ್ದರೆ ಹಿಂದಿನ ಕಚ್ಚನ್ನು ಬಲಕ್ಕೆ ಸರಿಸಬೇಕು. ಕೆಳಗೆ ಬಿದ್ದರೆ ಮುಂದಿನ ಮೊಳೆಯನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಎಷ್ಟು? ಮೊಳೆಗೂ ಕಚ್ಚಿಗೂ ನಡುವೆ 60 ಸೆಂಟಿಮೀಟರ್ ಅಂತರವಿದ್ದು, 50 ಮೀಟರ್ ದೂರದ ಗುರಿಯಲ್ಲಿ ಗುಂಡು 10 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ, ಉಜ್ಜಬೇಕಾದದ್ದು 1.2 ಮಿಲಿಮೀಟರ್ ಮಾತ್ರ. ಜೋಳದ ಕಾಳಿನ ಅರ್ಧದಷ್ಟೂ ಇಲ್ಲ. ಉಜ್ಜಿಹೋದ ಕಬ್ಬಿಣ ಮತ್ತೆ ಬೆಳೆಯದು. ಆದ್ದರಿಂದ ಬಲ್ಲವನು ಮೊಳೆಯನ್ನು ಮೊದಲು ತುಸು ಎತ್ತರವಾಗಿಯೇ ಬಿಡುತ್ತಾನೆ.

ವಸ್ತುಸಂಗ್ರಹಾಲಯಗಳಲ್ಲಿ ನಮ್ಮ ನಾಡಿನ ಹಳೆಯ ಬತ್ತಿಕೋವಿಗಳನ್ನು ಕಂಡಾಗ ನಾವು ಕೆತ್ತನೆಗೆ ಬೆರಗಾಗಿ ಮುಂದೆ ನಡೆಯುತ್ತೇವೆ. ಬಾಗಿ ನೋಡಿದರೆ ಅನೇಕ ಕೋವಿಗಳ ಮೇಲೆ ಮೊಳೆಯೂ ಕಾಣುತ್ತದೆ, ಕಚ್ಚೂ ಕಾಣುತ್ತದೆ. ಕಂಪನಿಯ ಸಿಪಾಯಿ ಹೊರುತ್ತಿದ್ದ ‘ಬ್ರೌನ್ ಬೆಸ್’ ಬಂದೂಕಿಗಾದರೋ ಹಿಂದಿನ ಕಚ್ಚೇ ಇರಲಿಲ್ಲ. ಮುಂದೆ ಇದ್ದದ್ದು ಬಾಯನೆಟ್ ಸಿಕ್ಕಿಸುವ ಗುಬುಟು. ಸಾಲಾಗಿ ನಿಂತು ಅಪ್ಪಣೆಯಾದೊಡನೆ ಒಟ್ಟಿಗೆ ಸುಡುವವನಿಗೆ ಎದುರಿನ ದಂಡೆಲ್ಲವೂ ಗುರಿಯೇ. ಹೊಲದ ಬದುವಿನಲ್ಲಿ ಒಬ್ಬನೇ ಕುಳಿತವನ ಪಾಡು ಬೇರೆ. ಅವನಿಗಿರುವುದು ಒಂದೇ ಗುಂಡು. ಮತ್ತೆ ಮದ್ದು ತುಂಬುವಷ್ಟರಲ್ಲಿ ಜಿಂಕೆ ದಿಬ್ಬ ದಾಟಿರುತ್ತದೆ. ಕೋವಿ ಯಾರ ಕೈಯದೆಂಬುದನ್ನು ಅದರ ಕಚ್ಚೇ ಹೇಳುತ್ತದೆ.

ಈ ಹೊಗಳಿಕೆಗೂ ಒಂದು ಮಿತಿಯುಂಟು. ಬತ್ತಿಕೋವಿಯ ನಳಿಗೆಯ ಒಳಗು ಸಾಮಾನ್ಯವಾಗಿ ನುಣುಪು. ದೂರ ಹೋದಂತೆ ಗುಂಡು ಅಲೆಯುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ಕೋವಿಯೂ ಒಂಟಿ ಗುಂಡಿನದೇ, ಬಾಯಿಯಿಂದ ತುಂಬುವಂಥದೇ. ಆದರೆ ನಳಿಗೆಯ ಒಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸಿ ನೆಟ್ಟಗೆ ಕಳುಹಿಸುತ್ತಿದ್ದವು. ಅದರ ಹಿಂಗಚ್ಚು ಏಣಿಯಂತೆ ಎದ್ದುನಿಂತು 900 ಗಜದವರೆಗೆ ದೂರವನ್ನು ಗುರುತಿಸುತ್ತಿತ್ತು. ಕೊಬ್ಬು ಸವರಿದ ತೋಟೆಯ ಮಾತೆದ್ದದ್ದು ಇದೇ ಕೋವಿಯಿಂದ.

1857ರಲ್ಲಿಯೇ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಕುಷ್ಟಗಿಯಿಂದ ವಾಯವ್ಯಕ್ಕೆ, ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಜೆ. ಎಫ್. ಫ್ಲೀಟ್ ಪ್ರಕಟಿಸಿದ ಲಾವಣಿಗಳಲ್ಲಿ ಈ ಕಥೆಯೂ ಒಂದು. ಮರುವರ್ಷ ಮುಂಡರಗಿ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಕೊಪ್ಪಳದ ಕೋಟೆಯನ್ನು ಹಿಡಿದು, ಜೂನ್ ತಿಂಗಳ ಆರಂಭದಲ್ಲಿ ಅಲ್ಲಿಯೇ ಮಡಿದರು. ರಾಯಚೂರು ದೋಆಬು ಆಗ, 1853ರ ಒಪ್ಪಂದದಂತೆ, ಇಂಗ್ಲಿಷರ ಆಡಳಿತದಲ್ಲಿತ್ತು. ನಿಜಾಮನಿಗೆ ಮರಳಿದ್ದು 1860ರಲ್ಲಿ. ಅದರ ಮರುವರ್ಷ, 1861ರಲ್ಲಿ, ಕೊಡವರಿಗೆ ಅದೇ ಕಾಯಿದೆಯಿಂದ ವಿನಾಯಿತಿ ದೊರೆಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡಗಿನಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ಪೂಜೆಗೆ ಉಳಿಯಿತು. ಹಲಗಲಿಯಲ್ಲಿ ಅದು ಅಪರಾಧದ ಸಾಕ್ಷಿಯಾಯಿತು. ಕೋವಿಯ ಕಬ್ಬಿಣ ಎರಡೂ ಕಡೆ ಒಂದೇ. ಆಳುವವರ ನಂಬಿಕೆ ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಜಿಂಕೆಯನ್ನು ಹೊಡೆಯುವುದು ಶಿಕ್ಷಾರ್ಹ. ಅದು ಹಾಗೆಯೇ ಇರತಕ್ಕದ್ದು. ಬೇಟೆಯನ್ನು ಮರಳಿ ತರಬೇಕೆಂಬುದು ನನ್ನ ಆಶಯವಲ್ಲ. ಆದರೆ ಬೇಟೆಗಾರರನ್ನು ಒರಟರೆಂದು, ಅವರ ಕೋವಿಯನ್ನು ಹಳ್ಳಿಗಾಡಿನ ಕಬ್ಬಿಣವೆಂದು ಬರೆದುಬಿಡುವ ಮುನ್ನ ಆ ಮೊಳೆಯನ್ನೊಮ್ಮೆ ನೋಡಬೇಕು. ಅರವನ್ನು ಹಿಡಿದು, ಉಜ್ಜಿ, ಸುಟ್ಟು ನೋಡಿ, ಮತ್ತೆ ಕೂದಲೆಳೆಯಷ್ಟು ಉಜ್ಜಿದ ಕೈಯೊಂದು ಅದರ ಹಿಂದೆ ಇತ್ತು. ಶಾಸನವಾಗಲಿ ಲಾವಣಿಯಾಗಲಿ ಆ ಕಮ್ಮಾರನ ಹೆಸರನ್ನು ಉಳಿಸಲಿಲ್ಲ. ಅವನ ಅಳತೆ ಮಾತ್ರ ಕಬ್ಬಿಣದ ಮೇಲೆ ಉಳಿದಿದೆ.