ಕ್ಯಾಂಪಿನ ಊಟ

ಬೈಲುಕುಪ್ಪೆಯ ಹೊಲಗಳಲ್ಲಿ ಜವೆಗೋಧಿ ಬೆಳೆಯುವುದಿಲ್ಲ. ಇಲ್ಲಿನ ಟಿಬೆಟಿಯನ್ ಊಟದ ಚರಿತ್ರೆ ಶುರುವಾಗುವುದೇ ಈ ಕೊರತೆಯಿಂದ. ಅವರ ನಾಡಿನಲ್ಲಿ ಜವೆಯೇ ಅನ್ನ. ಹುರಿದು ಬೀಸಿದ ಜವೆಹಿಟ್ಟಿಗೆ ತ್ಸಂಪಾ ಎನ್ನುತ್ತಾರೆ. ಬೆಣ್ಣೆ, ಉಪ್ಪು ಹಾಕಿ ಕಡೆದ ಬಿಸಿ ಚಹಾವನ್ನು ಬಟ್ಟಲಿಗೆ ಬಿಟ್ಟು, ಹಿಟ್ಟನ್ನು ಬೆರಳಲ್ಲೇ ಕಲಸಿ, ಉಂಡೆ ಮಾಡಿ ತಿನ್ನುತ್ತಾರೆ. ಪಿರಿಯಾಪಟ್ಟಣದ ಕಡೆಯ ನಮ್ಮ ಮನೆಗಳಲ್ಲಿ ರಾಗಿ ಹುರಿಹಿಟ್ಟು ಹೇಗೋ ಅವರಿಗೆ ಅದು ಹಾಗೆ: ಒಲೆ ಹಚ್ಚದೆ ಹೊಟ್ಟೆ ತುಂಬಿಸುತ್ತದೆ, ಗಂಟು ಕಟ್ಟಿಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದು. ಆ ಹಿಟ್ಟು ತಿಂದು ಬೆಳೆದವರು ಜವೆ ಬೆಳೆಯದ, ಮುಂಗಾರು ಮಳೆಯನ್ನೇ ನಂಬಿದ ಸೀಮೆಗೆ ಬಂದು ಇಳಿದರು.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನ ಮೊದಲಿಗೆ ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆದರು. ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಆಗಿನ ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಮತ್ತೆ ಮತ್ತೆ ನೆನೆಯುತ್ತಾರೆ; ಕ್ಯಾಂಪಿನ ಹಿರಿಯರ ಬಾಯಲ್ಲೂ ಆ ಹೆಸರಿದೆ. ಬೈಲುಕುಪ್ಪೆ ಬಳಿ ಸುಮಾರು 3,000 ಎಕರೆ ಕಾಡು ಸಿಕ್ಕಿತು. 1960ರ ಕೊನೆಗೆ ಮೊದಲ ತಂಡ ಬಂತು, ಮರುವರ್ಷ ಲುಗ್‌ಸುಂಗ್ ಸಮ್ಡುಪ್ಲಿಂಗ್ ಎಂಬ ಹೆಸರಿನಲ್ಲಿ ವಸಾಹತು ನಿಂತಿತು. ನಮಗೆ ಅದು ಅಂದಿನಿಂದ ಇಂದಿನವರೆಗೂ ಬರೀ ‘ಕ್ಯಾಂಪು’.

ಆ ಮೊದಲ ವರ್ಷಗಳು ಘೋರವಾಗಿದ್ದವು. ಮರ ಕಡಿಯಬೇಕು, ಬುಡ ಕೀಳಬೇಕು, ಪೊದೆ ಸುಡಬೇಕು. ರಾತ್ರಿ ಆನೆಗಳು ಬರುತ್ತಿದ್ದವು. ಚಳಿನಾಡಿನ ದೇಹಗಳಿಗೆ ಇಲ್ಲಿನ ಸೆಕೆ ಒಗ್ಗಲಿಲ್ಲ. ಕ್ಷಯವೂ ಹಲವರನ್ನು ಕೊಂಡೊಯ್ದಿತು. ಊಟಕ್ಕೆ ಪಡಿತರದ ಹಿಟ್ಟೇ ಗತಿ. ನಿಧಾನವಾಗಿ ನೆಲ ಹದವಾಯಿತು, ಮುಸುಕಿನ ಜೋಳ ಕೈಹಿಡಿಯಿತು. ಇಂದು ದೇಶಕ್ಕೆಲ್ಲ ಸ್ವಸಹಾಯ ಸಂಘಗಳ ಕೆಲಸದಿಂದ ಪರಿಚಿತವಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಇದೇ ಟಿಬೆಟಿಯನ್ನರ ಪುನರ್ವಸತಿಗಾಗಿ. 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲುಕುಪ್ಪೆಯಲ್ಲೇ ಎರಡನೆಯ ವಸಾಹತು, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯ ಸೇರಿ ಕರ್ನಾಟಕದಲ್ಲಿ ಒಟ್ಟು ಐದು ನೆಲೆಗಳಾದವು.

ಇವರ ಊಟ ನಮ್ಮ ಬಾಯಿಗೆ ಬಂದದ್ದು ಹೋಟೆಲಿನಿಂದಲ್ಲ. ಹೊಲದಿಂದ ಬಂತು. ನಾನು ಒತ್ತಿ ಹೇಳಬೇಕಾದ ಮಾತು ಇದು. ಪ್ರವಾಸದ ಪುಸ್ತಕಗಳಲ್ಲಿ ಚಿನ್ನದ ಗುಡಿ ಇರುತ್ತದೆ, ಅದರ ಎದುರಿನ ಅಂಗಡಿಗಳ ಮೊಮೊ ಇರುತ್ತದೆ. ಕಳೆ ಕೀಳಲು, ತೆನೆ ಮುರಿಯಲು ಸುತ್ತಲ ಹಳ್ಳಿಗಳಿಂದ ಹೋಗುತ್ತಿದ್ದ ಕೂಲಿ ಹೆಂಗಸರು ಇರುವುದಿಲ್ಲ. ನನ್ನ ಅವ್ವ ಅವರಲ್ಲೊಬ್ಬಳು. ಜೋಳದ ಹೊಲಕ್ಕೆ ಆಳು ಸಾಲದೆ ಕ್ಯಾಂಪಿನವರು ನಮ್ಮವರನ್ನು ಕರೆಯುತ್ತಿದ್ದರು. ಸುಗ್ಗಿ ಮುಗಿದು ಚಳಿ ಶುರುವಾದರೆ ಅವರಲ್ಲಿ ಎಷ್ಟೋ ಮನೆಯವರು ಸ್ವೆಟರ್ ಗಂಟು ಹೊತ್ತು ದೂರದ ಪಟ್ಟಣಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಆಗ ದನಕರು ನೋಡುವ, ಮನೆ ಕಾಯುವ ಕೆಲಸವೂ ನಮ್ಮವರಿಗೆ ಬರುತ್ತಿತ್ತು. ಹೀಗೆ ದುಡಿದ ಎಷ್ಟೋ ಕನ್ನಡದ ಹೆಂಗಸರು, ಗಂಡಸರು ಟಿಬೆಟಿಯನ್ ಭಾಷೆಯನ್ನು ಸರಾಗವಾಗಿ ಆಡುತ್ತಾರೆ. ಅವ್ವನೂ ಆಡುತ್ತಿದ್ದಳು. ಓದು ಬರಹ ಬಾರದ ಅವಳಿಗೆ ಎರಡು ಭಾಷೆ ಇದ್ದವು ಎಂಬುದು ನನಗೆ ಇವತ್ತಿಗೂ ಹೆಮ್ಮೆ.

ಹೊಲದ ಯಜಮಾನಿಯನ್ನು ಅವ್ವ ‘ಅಮಾಲಾ’ ಎನ್ನುತ್ತಿದ್ದಳು. ಆಕೆಯ ಮಕ್ಕಳು ಆಕೆಯನ್ನು ಕರೆಯುತ್ತಿದ್ದುದೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಅಮಾಲಾ ಬದುವಿನ ಮೇಲೆ ಪಾತ್ರೆ ಇಳಿಸಿ, “ಬಾರವ್ವ, ಆರೋಗ್ತದೆ” ಎಂದು ಕೂಗುತ್ತಿದ್ದರು. ಪಾತ್ರೆಯಲ್ಲಿ ಹೆಚ್ಚಾಗಿ ತೆಂಥುಕ್ ಇರುತ್ತಿತ್ತು. ಗೋಧಿ ಹಿಟ್ಟನ್ನು ಮೆತ್ತಗೆ ನಾದಿ, ಎಣ್ಣೆ ಸವರಿ ನೆನೆಯಲು ಬಿಡುತ್ತಾರೆ. ಆಮೇಲೆ ಅದನ್ನು ಉದ್ದಕ್ಕೆ ಎಳೆದು ಪಟ್ಟಿ ಮಾಡಿ, ಮುಂಗೈ ಮೇಲೆ ಹಾಕಿಕೊಂಡು, ಹೆಬ್ಬೆರಳ ಅಗಲದ ಚೂರುಗಳನ್ನು ಹರಿದು ಹರಿದು ಕುದಿಯುವ ಸಾರಿಗೆ ಎಸೆಯುತ್ತಾರೆ. ಮೂಲಂಗಿ, ಸೊಪ್ಪು, ಇದ್ದರೆ ಒಂದಿಷ್ಟು ಮಾಂಸ. ಮಸಾಲೆ ಇಲ್ಲ. ಖಾರ ಬೇಕಾದವರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಸೆಪೆನ್ ಪಕ್ಕದಲ್ಲೇ ಇರುತ್ತಿತ್ತು. ಅವ್ವನಿಗೆ ಮೊದಮೊದಲು ಅದು ಸಪ್ಪೆ ಎನಿಸುತ್ತಿತ್ತಂತೆ. ಮಳೆಯಲ್ಲಿ ನೆನೆದು ನಡುಗುವಾಗ ಅಂಥ ಊಟ ಇನ್ನೊಂದಿಲ್ಲ ಎಂದು ಆಮೇಲಾಮೇಲೆ ಹೇಳುತ್ತಿದ್ದಳು.

ಮೊಮೊ ಆಗ ದಿನದ ಊಟವಾಗಿರಲಿಲ್ಲ. ಮಾಂಸ ಕೊಚ್ಚಿ ಹೂರಣ ಮಾಡಿ, ಒಂದೊಂದನ್ನೂ ಕೈಯಲ್ಲಿ ಮಡಿಚುವಷ್ಟು ಹೊತ್ತು ದುಡಿಯುವ ಮನೆಯಲ್ಲಿ ಯಾರಿಗಿತ್ತು? ಹಬ್ಬಕ್ಕೆ, ನೆಂಟರು ಬಂದರೆ, ಮನೆಮಂದಿಯೆಲ್ಲ ಕೂತು ಮಾಡುತ್ತಿದ್ದರು. ಅದು ಮಾರುವ ತಿಂಡಿಯಾದದ್ದು ಅವರ ನಾಡು ತಪ್ಪಿದ ಮೇಲೆ. ದಿಲ್ಲಿಯ ಮಜ್ನೂ ಕಾ ಟಿಲ್ಲಾ, ಧರ್ಮಶಾಲೆಯ ಮೆಕ್ಲಿಯೋಡ್‌ಗಂಜ್‌ಗಳಲ್ಲಿ ಆದಂತೆ ಇಲ್ಲೂ ಆಯಿತು. ಬಂಡವಾಳ ಬೇಡದ ವ್ಯಾಪಾರ ಅದು: ಮೈದಾ, ಎಲೆಕೋಸು, ಈರುಳ್ಳಿ, ಒಂದರ ಮೇಲೊಂದು ಕೂರುವ ಅಲ್ಯೂಮಿನಿಯಂ ಹಬೆಪಾತ್ರೆ. ಉಳಿದದ್ದೆಲ್ಲ ಮನೆಯ ಹೆಂಗಸರ ಕೈಕೆಲಸ.

ಆ ಕೈಕೆಲಸವನ್ನು ಹತ್ತಿರದಿಂದ ನೋಡಬೇಕು. ಮೂರನೇ ಕ್ಯಾಂಪಿನ ಕಡೆ ಒಂದು ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಅಂಗಡಿಯಿದೆ. ನಾನು ಹೋಗುವುದು ಅಲ್ಲಿಗೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಹಾಕಿಡುತ್ತಾರೆ, ನೀರು ಬಿಟ್ಟ ಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಹಿಂಡದಿದ್ದರೆ ಕಣಕ ಒದ್ದೆಯಾಗಿ ಹರಿಯುತ್ತದೆ. ಲಟ್ಟಣಿಗೆ ಗೇಣುದ್ದದ್ದು. ಬಲಗೈ ಲಟ್ಟಿಸುತ್ತಿದ್ದರೆ ಎಡಗೈ ಕಣಕವನ್ನು ತಿರುಗಿಸುತ್ತಲೇ ಇರುತ್ತದೆ. ನಡು ದಪ್ಪ ಉಳಿದು ಅಂಚು ಮಾತ್ರ ತೆಳ್ಳಗಾಗುತ್ತದೆ. ನಡು ದಪ್ಪವಿದ್ದರೆ ತಳ ಹರಿಯುವುದಿಲ್ಲ, ಅಂಚು ತೆಳ್ಳಗಿದ್ದರೆ ನೆರಿಗೆ ಸೇರುವಲ್ಲಿ ಹಿಟ್ಟು ಹಸಿಯಾಗಿ ಉಳಿಯುವುದಿಲ್ಲ. ಹೆಬ್ಬೆರಳು ಹೂರಣವನ್ನು ಒಳಕ್ಕೆ ಒತ್ತುತ್ತಾ ಹೋದಂತೆ ತೋರುಬೆರಳು ನೆರಿಗೆ ಹಿಡಿಯುತ್ತಾ ಬರುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಹಬೆಗೆ ಏರಿಸುತ್ತಾರೆ. ಅಷ್ಟೂ ಕೆಲಸ ಮಾಡುವಾಗ ಆ ಅಕ್ಕ ನನ್ನ ಜೊತೆ ಮಗಳ ಓದಿನ ವಿಷಯ ಮಾತಾಡುತ್ತಿರುತ್ತಾರೆ, ಒಮ್ಮೆಯೂ ಕೈ ನೋಡಿಕೊಳ್ಳುವುದಿಲ್ಲ.

ಬೆಲೆ ಯಾಕೆ ಇಷ್ಟು ಕಡಿಮೆ ಎಂದು ಬೆಂಗಳೂರಿನಿಂದ ಬಂದವರು ಕೇಳುತ್ತಾರೆ. ಇದಕ್ಕೂ ಒಂದು ಚರಿತ್ರೆಯಿದೆ. ಪೆನೋರ್ ರಿಂಪೋಚೆ 1963ರಲ್ಲಿ ಬಿದಿರಿನ ಗುಡಿ ಕಟ್ಟಿ ನಾಮ್‌ಡ್ರೋಲಿಂಗ್ ಮಠವನ್ನು ಶುರು ಮಾಡಿದರು. ಬಂಗಾಳದ ಬಕ್ಸಾ ಶಿಬಿರದಲ್ಲಿದ್ದ ಸೆರಾ ಮಠದ ಭಿಕ್ಷುಗಳು 1970ರ ಹೊತ್ತಿಗೆ ಇಲ್ಲಿಗೆ ಬಂದರು. ಮಠಗಳು ಬೆಳೆದವು, ಲಡಾಖ್, ಅರುಣಾಚಲ, ನೇಪಾಳ, ಭೂತಾನಗಳಿಂದ ಹುಡುಗರು ಓದಲು ಬಂದರು. ಮಠದಲ್ಲಿ ಊಟವಿದೆ, ಆದರೆ ಹದಿನಾರರ ಹುಡುಗನಿಗೆ ಸಂಜೆ ಹಸಿವಾಗುತ್ತದೆ, ಜೇಬಿನಲ್ಲಿ ಚಿಲ್ಲರೆ ಮಾತ್ರ ಇರುತ್ತದೆ. ಕ್ಯಾಂಪಿನ ಅಂಗಡಿಗಳು ಹುಟ್ಟಿದ್ದು ಆ ಚಿಲ್ಲರೆಗೆ. ಕೂಲಿಯವರಿಗೂ ಅದೇ ಅಂಗಡಿ, ಅದೇ ಬೆಂಚು. ದುಡ್ಡಿಲ್ಲದವರು ನಿಗದಿ ಮಾಡಿದ ಬೆಲೆ ಅದು. ಪ್ರವಾಸಿಗರು ಬಂದದ್ದು ಬಹಳ ಕಾಲದ ಮೇಲೆ.

1999ರಲ್ಲಿ ನಾಮ್‌ಡ್ರೋಲಿಂಗ್‌ನ ಚಿನ್ನದ ಗುಡಿ ತೆರೆದ ಮೇಲೆ ಕೊಡಗಿಗೆ ಹೋಗುವ ಪ್ರತಿ ವಾಹನವೂ ಇತ್ತ ತಿರುಗಲಾರಂಭಿಸಿತು. ಪರದೇಶದವರು ಕ್ಯಾಂಪಿನಲ್ಲಿ ತಂಗಲು ಸರ್ಕಾರದ ವಿಶೇಷ ಪರವಾನಗಿ ಬೇಕು, ಆದ್ದರಿಂದ ಇಲ್ಲಿನ ಹೋಟೆಲುಗಳು ನಡೆಯುವುದು ನಮ್ಮ ಜನರಿಂದಲೇ. ನಮ್ಮ ಜನ ಗೋಬಿ ಮಂಚೂರಿ ಕೇಳಿದರು, ಫ್ರೈಡ್ ರೈಸ್ ಕೇಳಿದರು, ಮೊಮೊವನ್ನೂ ಕರಿದುಕೊಡಿ ಎಂದರು. ಗುಡಿಯ ಎದುರಿನ ಸಾಲಿನಲ್ಲಿ ಇವತ್ತು ಇವೇ ಹೆಚ್ಚು. ಅದನ್ನು ತಪ್ಪೆನ್ನಲಾರೆ, ಹೊಟ್ಟೆಪಾಡು. ಆದರೆ ಅಷ್ಟಕ್ಕೇ ತಿರುಗಿ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೊಪ್ಪ ಗೇಟಿನಿಂದ ಆಟೊ ಹತ್ತಿ ಗುಡಿ ದಾಟಿ ಒಳಗಿನ ಕ್ಯಾಂಪುಗಳಿಗೆ, ಸೆರಾ ಕಡೆಗೆ ಹೋಗಿ. ಹಬೆಯಲ್ಲಿ ಬೆಂದ ಹೂವಿನಂಥ ತಿಂಗ್ಮೊ ಸಿಗುತ್ತದೆ, ಮಾಂಸ ತುಂಬಿ ಕರಿದ ಶಾಫಾಲೆ ಸಿಗುತ್ತದೆ, ಹೆಸರಿನ ಪಿಷ್ಟದಿಂದ ಮಾಡಿ ತಣ್ಣಗೆ ಬಡಿಸುವ ಖಾರದ ಲಾಫಿಂಗ್ ಸಿಗುತ್ತದೆ. ಬೆಣ್ಣೆ ಚಹಾವನ್ನು ಕೇಳಿ ಕುಡಿಯಿರಿ. ಚಹಾ ಎಂದುಕೊಂಡರೆ ಹಿಡಿಸದು, ಉಪ್ಪುಪ್ಪಾದ ತಿಳಿಸಾರು ಎಂದುಕೊಂಡು ಕುಡಿದರೆ ಇನ್ನೊಂದು ಬಟ್ಟಲು ಕೇಳುತ್ತೀರಿ.

ಮಾಂಸದ ವಿಷಯದಲ್ಲೂ ಬದಲಾವಣೆಯಾಗಿದೆ. ದಲೈ ಲಾಮಾ ಸಸ್ಯಾಹಾರದ ಪರವಾಗಿ ಹೇಳುತ್ತಾ ಬಂದಿದ್ದಾರೆ. ಸೆರಾದಂಥ ದೊಡ್ಡ ಮಠದ ಸಾಮೂಹಿಕ ಅಡುಗೆಯಲ್ಲಿ ಮಾಂಸವಿಲ್ಲ. ಎಲೆಕೋಸಿನ ಮೊಮೊ ನಮ್ಮವರಿಗಾಗಿ ಮಾಡಿದ ರಾಜಿ ಎಂದು ಕೆಲವರು ಹೇಳುವುದುಂಟು. ಕ್ಯಾಂಪಿನಲ್ಲಿ ಕೂತು ನೋಡಿದರೆ ಅದನ್ನು ಹೆಚ್ಚು ತಿನ್ನುವವರು ಕೆಂಪು ವಸ್ತ್ರದ ಹುಡುಗರೇ.

ಈಗ ಕ್ಯಾಂಪಿನ ಮನೆಗಳಲ್ಲಿ ವಯಸ್ಸಾದವರೇ ಹೆಚ್ಚು. ಮಕ್ಕಳು ಕೆನಡಾ, ಅಮೆರಿಕ, ಯುರೋಪಿಗೆ ಹೋಗುತ್ತಿದ್ದಾರೆ. ಬೀಗ ಹಾಕಿದ ಮನೆಗಳೂ ಕಾಣುತ್ತವೆ. ನಾನು ಹೇಳಿದ ಅಂಗಡಿಯ ಅಕ್ಕನಿಗೂ ಮಗಳು ಟೊರೊಂಟೊಗೆ ಬಾ ಎನ್ನುತ್ತಿದ್ದಾಳೆ. ಕೆಲವು ಅಡುಗೆಮನೆಗಳಲ್ಲಿ ನೇಪಾಳದ ಹುಡುಗರಿದ್ದಾರೆ, ಇನ್ನು ಕೆಲವುಗಳಲ್ಲಿ ನಮ್ಮ ಹಳ್ಳಿಗಳ ಹೆಂಗಸರು. ಅಕ್ಕನ ಪಕ್ಕದಲ್ಲಿ ಕೂತು ನೆರಿಗೆ ಹಿಡಿಯುವವಳು ನಮ್ಮೂರಿನವಳೇ. ಅವಳ ಅತ್ತೆಯೂ ನನ್ನ ಅವ್ವನ ಜೊತೆ ಜೋಳದ ಹೊಲಕ್ಕೆ ಹೋಗುತ್ತಿದ್ದವರು. ಅಕ್ಕ ಹೊರಟರೆ ಅಂಗಡಿಯನ್ನು ಅವಳೇ ವಹಿಸಿಕೊಳ್ಳುವ ಮಾತು ನಡೆದಿದೆ. ಬಾಡಿಗೆ ಎಷ್ಟು, ಹಬೆಪಾತ್ರೆಗಳಿಗೆ ಬೇರೆ ದುಡ್ಡೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತೆಂಥುಕ್ ಮಾತ್ರ ಪಟ್ಟಿಯಿಂದ ತೆಗೆಯಬಾರದು ಎಂದು ಅಕ್ಕ ಹೇಳಿದ್ದಾರೆ, ಅವಳು ಒಪ್ಪಿದ್ದಾಳೆ.